ಕೋಳಿಯ ಮೇವಿಗೆ ಹಿಡಿದ ಜರಡಿ

ಬೆಳಿಗ್ಗೆ ಐದೂವರೆಗೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಇಸಬಗೋಲಿನ ಹೊಟ್ಟು ಹಾಕಿ, ಅದು ಗಟ್ಟಿಯಾಗುವ ಮೊದಲೇ ಗಟಗಟನೆ ಕುಡಿದುಬಿಡುವುದು ನನ್ನ ದಿನಚರಿಯ ಮೊದಲ ಕಲಂ. ಎರಡು ನಿಮಿಷ ತಡವಾದರೆ ಲೋಟದಲ್ಲಿ ಉಳಿಯುವುದು ಪುಸ್ತಕಕ್ಕೆ ರಟ್ಟು ಕಟ್ಟುವ ಅಂಟು. ಕೊಳ್ಳೇಗಾಲದಲ್ಲಿ ಜೀವಮಾನವಿಡೀ ಗಂಟೆ ಬಾರಿಸಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮೇಷ್ಟರಿಗೆ, ನಿವೃತ್ತಿಯ ನಂತರ ಸ್ವಂತ ಹೊಟ್ಟೆಯಾದರೂ ಹೇಳಿದ ಮಾತು ಕೇಳಲಿ ಎಂಬ ಆಸೆ ಇರುವುದು ತಪ್ಪೇನಲ್ಲವಲ್ಲ.

ಈ ಶಿಸ್ತನ್ನು ನನ್ನ ಹೊಟ್ಟೆಗಷ್ಟೇ ಸೀಮಿತಗೊಳಿಸಿದ್ದರೆ ಇಲ್ಲಿ ಬರೆಯಲು ಏನೂ ಇರುತ್ತಿರಲಿಲ್ಲ. ಧನಗೆರೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿ ಚಿಕ್ಕಮಾದಮ್ಮ ಬ್ರಾಯ್ಲರ್ ಕೋಳಿಯ ಶೆಡ್ ಹಾಕಿದಳು. ಅದು ಅವಳ ಮೊದಲ ತಂಡ. ನಲವತ್ತನೆಯ ದಿನ ಕೋಳಿಗಳು ಎರಡು ಕೆ.ಜಿ. ತೂಗಿದರೆ ಮುಂದೆಯೂ ಅವಳಲ್ಲಿಗೇ ಬರುವುದಾಗಿಯೂ, ಇಲ್ಲವಾದರೆ ಬೇರೆ ಶೆಡ್ ನೋಡಿಕೊಳ್ಳುವುದಾಗಿಯೂ ಹನೂರಿನ ವ್ಯಾಪಾರಿ ಹೇಳಿಹೋಗಿದ್ದ. ನಾನು ಕೋಳಿ ತಿನ್ನುವವನಲ್ಲ. ಆದರೆ ಸಲಹೆ ಕೊಡುವುದಕ್ಕೆ ಆ ಅರ್ಹತೆ ಬೇಕೆಂದು ಯಾವ ನಿಯಮದಲ್ಲೂ ಇಲ್ಲವಾದ್ದರಿಂದ, ದಿನವೂ ಏಳರ ಬಸ್ಸಿಗೆ ಹೋಗಿ ಮೇಲ್ವಿಚಾರಣೆ ನಡೆಸತೊಡಗಿದೆ.

ಅವಳು ಮಿಲ್ಲಿನಲ್ಲಿ ಒಡೆಸಿ ತಂದ ಮುಸುಕಿನ ಜೋಳದ ಮೇವನ್ನು ಕಂಡು ನನಗೆ ಸಂಕಟವಾಯಿತು. ಸಿಪ್ಪೆ, ನುಚ್ಚು, ತರಿ ಎಲ್ಲ ಒಟ್ಟಿಗೆ, ಗಂಟೆ ಹೊಡೆಯುವ ಮೊದಲಿನ ಶಾಲೆಯ ಅಂಗಳದ ಹಾಗೆ. ನಮ್ಮ ಕಡೆ ಜರಡಿ ಹಿಡಿಯದ ರಾಗಿ ಹಿಟ್ಟಿನಲ್ಲಿ ಮುದ್ದೆ ತಿರುವಿದರೆ ನೆಂಟರು ಮನೆತನವನ್ನೇ ಅಳೆಯುತ್ತಾರೆ. ಸರಿ, ಮನೆಯಿಂದ ರಾಗಿ ಹಿಟ್ಟಿನ ಜರಡಿಯನ್ನೇ ಒಯ್ದೆ. ಎರಡು ವಾರ ಮೇವನ್ನು ಜರಡಿ ಹಿಡಿದು, ನುಣ್ಣನೆಯ ಹಿಟ್ಟನ್ನು ಕೋಳಿಗಳಿಗೂ ಸಿಪ್ಪೆ ತರಿಗಳನ್ನು ಪಕ್ಕದ ಮನೆಯ ಎಮ್ಮೆಗೂ ಹಂಚಿದೆ.

ಎಮ್ಮೆ ಮಿನುಗತೊಡಗಿತು. ಕೋಳಿಗಳು ಮಾತ್ರ ತಿಂದಷ್ಟು ಬೆಳೆಯಲಿಲ್ಲ. ಸಾಲದ್ದಕ್ಕೆ, ನಾನು ಬಡಿಸಿದ ಹಿಟ್ಟನ್ನು ಬಿಟ್ಟು ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟನ್ನು ಕುಕ್ಕತೊಡಗಿದವು. ಹಾಸಿಗೆ ತಿನ್ನುವ ಈ ಅಶಿಸ್ತಿಗಾಗಿ ನಾನು ಅವನ್ನು ಗದರಿದ್ದೂ ಉಂಟು.

“ನಲವತ್ ದಿನಕ್ಕೆ ಇನ್ ಅದಿನೈದೇ ದಿನ ಅದೆ ಸಾ,” ಎಂದಳು ಚಿಕ್ಕಮಾದಮ್ಮ, ನನ್ನ ಮುಖ ನೋಡದೆ. ಶಾಲೆಯಲ್ಲಿ ಲೆಕ್ಕ ತಪ್ಪಾದಾಗ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದಳು. ಈ ಸಲ ತಪ್ಪು ಮಾಡಿದವನು ನಾನಿರಬಹುದೆಂಬ ಗುಮಾನಿ ನನಗೆ ಮೊದಲ ಬಾರಿಗೆ ಬಂತು.

ಯಳಂದೂರಿನಿಂದ ಪಶುವೈದ್ಯೆಯನ್ನು ಕರೆಸಿದೆವು. ಆಕೆ ಒಂದು ಕೋಳಿಯನ್ನು ಕೊಯ್ದು, ಕಾಳು ಅರೆಯುವ ಚೀಲವನ್ನು ಹೊರತೆಗೆದರು. ನಾನು ಕಿಟಕಿಯಾಚೆಯ ತೆಂಗಿನಮರವನ್ನು ನೋಡುತ್ತ ಪಾಠ ಕೇಳಿದೆ. ಕಲ್ಲಿನಂತೆ ಗಟ್ಟಿಯಿರಬೇಕಾದ ಚೀಲ ಕೆಲಸವಿಲ್ಲದೆ ಸೊರಗಿತ್ತಂತೆ. ತರಿ ಸಿಪ್ಪೆ ಬಿದ್ದರೆ ಅದು ಮೇವನ್ನು ಹಿಡಿದಿಟ್ಟುಕೊಂಡು ಅರೆಯುತ್ತದೆ. ಅರೆದಮೇಲೆ ಮುಂದಿನ ಕರುಳು ಸಾರ ಹೀರುತ್ತದೆ. ಬರೀ ಹಿಟ್ಟಾದರೆ ಹಾಗೇ ಜಾರಿಹೋಗುತ್ತದೆ. ಹೊಟ್ಟು ತಾನು ಜೀರ್ಣವಾಗದಿದ್ದರೂ ಉಳಿದದ್ದನ್ನು ಜೀರ್ಣ ಮಾಡಿಸುತ್ತದೆ.

ಪ್ರಾಯಶ್ಚಿತ್ತದ ಉತ್ಸಾಹದಲ್ಲಿ, “ಹಾಗಾದರೆ ನಾನು ಕುಡಿಯುವ ಇಸಬಗೋಲನ್ನೇ ಕಲಸೋಣವೇ?” ಎಂದೆ.

“ಅಯ್ಯೋ ಬ್ಯಾಡಿ ಸಾರ್,” ಎಂದು ಆಕೆ ನಕ್ಕರು. “ಅಂಟಾಗೋ ನಾರು ಬೇರೆ, ತರಿ ನಾರು ಬೇರೆ. ಅಂಟು ಜಾಸ್ತಿಯಾದ್ರೆ ಒಳಗಡೆ ಎಲ್ಲಾ ಗೋಂದಾಗಿ, ಸಾರ ಮೈಗೆ ಅತ್ತಲ್ಲ. ತರೀನೂ ಅಳತೇಲಿರ್ಲಿ, ಇಲ್ದಿದ್ರೆ ಬರೀ ಒಟ್ಟೆ ತುಂಬ್ಕತದೆ, ಮೈ ತುಂಬಲ್ಲ.”

ಚಿಕ್ಕಮಾದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ನಮ್ ಮೇಷ್ಟ್ರು ಕೋಳಿಗೂ ರಟ್ ಕಟ್ಟಾಕ್ ಓಗಿದ್ರು ಕಣಕ್ಕ.”

ಜರಡಿ ಗೂಟಕ್ಕೇರಿತು. ಮೇವಿಗೆ ತರಿ ಮರಳಿತು, ಜೊತೆಗೆ ಹಿಡಿಯಷ್ಟು ಭತ್ತದ ಹೊಟ್ಟು. ಆ ಹದಿನೈದು ದಿನ ನಾನು ಕೈ ಕಟ್ಟಿಕೊಂಡು ಕುಳಿತೆ; ಅಷ್ಟು ಕಷ್ಟದ ಕೆಲಸವನ್ನು ನನ್ನ ಸರ್ವೀಸಿನಲ್ಲೇ ಮಾಡಿರಲಿಲ್ಲ. ನಲವತ್ತನೆಯ ದಿನ ವ್ಯಾಪಾರಿ ತಕ್ಕಡಿಯ ಮುಳ್ಳನ್ನು ಎರಡು ಸಲ ನೋಡಿದ. ಎರಡು ಕೆ.ಜಿ., ಮೇಲೊಂದಿಷ್ಟು. “ಮೇವಿಗೆ ಅದೇನ್ ಆಕಿದ್ರಮ್ಮ?” ಎಂದು ಕೇಳಿದ.

“ಏನೂ ಇಲ್ಲ ಕಣಣ್ಣ. ನಮ್ ಮೇಷ್ಟ್ರು ಜರಡಿ ಗೂಟಕ್ ಆಕುದ್ರು, ಅಷ್ಟೇಯ.”

ಮುಂದಿನ ತಂಡಕ್ಕೂ ಬರುತ್ತೇನೆಂದು ಹೇಳಿ ಅವನು ಗಾಡಿ ಹತ್ತಿದ.

ಈಗಲೂ ಐದೂವರೆಗೆ ಲೋಟ ಸಿದ್ಧವಾಗಿರುತ್ತದೆ. ಆದರೆ ಮೊನ್ನೆ ಚಿಕ್ಕಮಾದಮ್ಮನ ಎರಡನೆಯ ತಂಡದ ಮರಿಗಳನ್ನು ನೆನೆದು ಒಬ್ಬನೇ ನಗುತ್ತ ನಿಂತೆ. ಎರಡು ನಿಮಿಷ ಕಳೆದೇಹೋಯಿತು. ಗಟ್ಟಿಯಾದದ್ದನ್ನು ಚಮಚದಲ್ಲಿ ತಿಂದೆ. ಪರವಾಗಿಲ್ಲ, ರುಚಿಯಾಗಿಯೇ ಇತ್ತು.