ಓಣಿಯ ತುದಿಯಲ್ಲಿ ತಡೆದ ಅಳು

ಪುಟ್ಟವ್ವಾ, ಚಿನ್ನಪ್ಪಾ, ನಿಮ್ಮ ತಾತ ತೀರಿಕೊಂಡಾಗ ನೀವಿನ್ನೂ ಹುಟ್ಟಿರಲಿಲ್ಲ. ನಿಮ್ಮ ಅಜ್ಜಿ ನಾನು, ಹಳ್ಳಿಯ ಶಾಲೆಯಲ್ಲಿ ಏಳರವರೆಗೆ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ಬಿಡುವುದಕ್ಕಿಂತ ಬರೆಯುವುದೇ ನನಗೆ ಸುಲಭ.

ಆಗ ನಾವು ಯಶವಂತನಗರದಲ್ಲಿದ್ದೆವು. ಅದಿರಿನ ವ್ಯಾಪಾರ ಏರಿದ್ದ ಕಾಲ. ಒಗೆದ ಬಟ್ಟೆ ಒಣಗುವಷ್ಟರಲ್ಲಿ ಅದರ ಧೂಳಿಗೆ ಕೆಂಪಾಗುತ್ತಿತ್ತು. ತಾತ ಗಣಿಯಿಂದ ಹೊಸಪೇಟೆಗೆ ಅದಿರಿನ ಲಾರಿ ಓಡಿಸುತ್ತಿದ್ದರು. ನಿಮ್ಮ ಅವ್ವ ಬೆಂಗಳೂರಿನಲ್ಲಿ ಪಿಎಚ್.ಡಿ. ಮುಗಿಸಿ ಮನೆಗೆ ಬಂದಿದ್ದಳು. ನಮ್ಮ ಜೀವಕೋಶಗಳೊಳಗೆ ದಾರದಂಥ ಹಾದಿಗಳಿವೆ, ಅವುಗಳ ಮೇಲೆ ಮೋಟಾರ್ ಪ್ರೋಟೀನುಗಳು ಹೆಜ್ಜೆಯಿಡುತ್ತ ಹೊರೆ ಸಾಗಿಸುತ್ತವೆ ಎಂದು ಒಮ್ಮೆ ಊಟಕ್ಕೆ ಕೂತಾಗ ಹೇಳಿದಳು.

“ಹಂಗಾದ್ರ ಅವಕ್ಕೂ ಓವರ್‌ಲೋಡ್ ಇರ್ತೈತೇನು?” ಎಂದರು ತಾತ.

“ಇರ್ತೈತಪ್ಪಾ. ಹೊರಿ ಭಾಳ ಆದ್ರ ನಿಂತುಬಿಡ್ತಾವ.”

“ನಮ್ಮ ಲಾರಿ ಮಾಲೀಕ್ರಿಗಿಂತ ಶಾಣ್ಯಾ ಅದಾವ ಬಿಡು!”

ಮುಂದಿನ ಸಂಶೋಧನೆಗೆ, ಅದಕ್ಕೆ ಪೋಸ್ಟ್‌ಡಾಕ್ ಎನ್ನುತ್ತಾರೆ, ಅವಳು ಎಷ್ಟೋ ಕಡೆ ಬರೆದಿದ್ದಳು. ಜರ್ಮನಿಯ ಒಬ್ಬ ಪ್ರೊಫೆಸರ್ ಮಾತ್ರ ಫೋನಿನಲ್ಲಿ ಮಾತಾಡಿಸಿ ನೋಡುತ್ತೇನೆಂದು ದಿನ ಗೊತ್ತು ಮಾಡಿದ್ದರು. ಅದರ ಹಿಂದಿನ ದಿನವೇ ತಾತನನ್ನು ಮಣ್ಣು ಮಾಡಿದೆವು. ಎದೆನೋವೆಂದು ಲಾರಿ ನಿಲ್ಲಿಸಿ ಇಳಿದವರು ಮತ್ತೆ ಹತ್ತಲಿಲ್ಲ.

“ಅವರು ಫೋನ್ ಮಾಡಿದ್ರ ಆಗೂದಿಲ್ಲ ಅಂತೀನವ್ವಾ” ಎಂದಳು ಮಗಳು.

“ಬ್ಯಾಡ. ನಿಮ್ಮಪ್ಪ ಇದ್ದಿದ್ರ ನನ್ನ ಬೈತಿದ್ರು. ನೀ ಮಾತಾಡು.”

ನಮ್ಮಲ್ಲಿ ಸಾವಿನ ಮನೆಗೆ ಬರುವ ಹೆಂಗಸರು ಓಣಿಯ ತುದಿಯಿಂದಲೇ ದನಿ ತೆಗೆದು ಅಳುತ್ತ ಬರಬೇಕು. ಗಂಡ ಸತ್ತವಳು ಒಳಗೆ ಮೂಲೆಯಲ್ಲಿ ಕೂತಿರಬೇಕು. ಬಂದವರು ಕೊರಳು ತಬ್ಬಿದಾಗ ಅವಳೂ ದನಿ ಎತ್ತಬೇಕು. ಅವಳು ಹೊಸ್ತಿಲು ದಾಟುವಂತಿಲ್ಲ. ಮಣ್ಣಿಗೆ ಬರಲಾಗದಿದ್ದ ಕಂಪ್ಲಿಯ ಬಳಗ ಫೋನು ಬರುವ ದಿನವೇ ಮಧ್ಯಾಹ್ನ ಬರುವುದಿತ್ತು. ಫೋನು ಇದ್ದದ್ದು ನಡುಮನೆಯಲ್ಲಿ; ಅಳು ಎದ್ದರೆ ಒಂದು ಮಾತೂ ಕೇಳುವಂತಿರಲಿಲ್ಲ.

ಫೋನು ಬಂತು. ಮಗಳು ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದಳು. ನಾನು ಕದ ಮುಂದೆ ಮಾಡಿ, ಸೆರಗು ಹೊದ್ದು, ಹೊಸ್ತಿಲು ದಾಟಿ ಓಣಿಯ ತುದಿಗೆ ಹೋಗಿ ನಿಂತೆ. ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡೆ.

ಟೆಂಪೊದಿಂದ ತಾತನ ಅಕ್ಕ ಇಳಿದರು. ಹಿಂದೆ ನಾಲ್ಕೈದು ಹೆಂಗಸರು.

“ಅಯ್ಯ! ಮಣ್ಣಿನ ಹಸಿ ಆರಿಲ್ಲ, ಬೀದಿಗೆ ಬಂದು ನಿಂತೀಯಲ್ಲ! ನಾಚಿಕಿ ಎಲ್ಲಿ ಬಿಟ್ಟಿ?”

“ಅಕ್ಕಾ, ಕೈ ಮುಗೀತೀನಿ, ದನಿ ತೆಗೀಬ್ಯಾಡ್ರಿ. ಹುಡುಗಿ ಫೋನ್‌ನ್ಯಾಗ ಅದಾಳ.”

“ಯಾರ ಜೋಡಿ? ಗಂಡಿನ ಕಡಿಯವ್ರಾ?”

“ಅಲ್ರಿ, ಕೆಲಸದ್ದು. ಇವತ್ತ ತಪ್ಪಿದ್ರ ಹೋತು.”

ಅಕ್ಕ ನನ್ನ ಮುಖವನ್ನೇ ನೋಡಿದರು. ಆಮೇಲೆ ಅಲ್ಲೇ ರಸ್ತೆಯ ಬದಿಗೆ ಕುಕ್ಕರಿಸಿ, ಸೆರಗು ಬಾಯಿಗೆ ತುರುಕಿಕೊಂಡು, ದನಿಯಿಲ್ಲದೆ ಅತ್ತರು. ಬೆನ್ನು ಮಾತ್ರ ಕುಲುಕುತ್ತಿತ್ತು. ಉಳಿದವರೂ ಕೂತರು. ನಾನು ತುಟಿ ಕಚ್ಚಿಕೊಂಡು ಅವರ ನಡುವೆ ಕೂತೆ. ಪಕ್ಕದಲ್ಲಿ ಲಾರಿಗಳು ಧೂಳೆಬ್ಬಿಸಿ ಹೋಗುತ್ತಲೇ ಇದ್ದವು.

ಕೊನೆಗೆ ಮಗಳು ಬಾಗಿಲಿಗೆ ಬಂದು ಕೂಗಿದಳು. “ಮುಗೀತವ್ವಾ. ಜರ್ಮನಿಗೆ ಬಾ ಅಂದ್ರು.”

ಅಕ್ಕ ದಡಕ್ಕನೆ ಎದ್ದು, ಓಣಿ ದಾಟಿ ಮನೆಯೊಳಗೆ ನುಗ್ಗಿ, ಗೋಡೆ ನಡುಗುವಂತೆ ತಮ್ಮನನ್ನು ಕರೆದು ಅತ್ತರು. ಮಗಳೂ ಅತ್ತಳು. ಅಕ್ಕ ನನ್ನ ಕೊರಳು ತಬ್ಬಿ, “ಈಗ ಅಳವ್ವಾ, ಈಗ ಅಳು” ಎಂದರು. ನನ್ನ ಗಂಟಲಿನಿಂದ ಏನೂ ಬರಲಿಲ್ಲ. ಒತ್ತಿ ಹಿಡಿದದ್ದು ಅಲ್ಲೇ ಕೂತುಬಿಟ್ಟಿತ್ತು. ಮಗಳು ಜರ್ಮನಿಗೆ ಹೊರಟ ದಿನವೂ ಅದು ಏಳಲಿಲ್ಲ.

ಗಂಡನಿಗಾಗಿ ದನಿ ತೆಗೆದು ಅಳದವಳು ಎಂದು ಬಳಗದವರು ಇಂದಿಗೂ ನನ್ನನ್ನು ಆಡಿಕೊಳ್ಳುತ್ತಾರೆ. ನಿಮ್ಮ ಕಿವಿಗೂ ಬಿದ್ದೀತು. ಅವರಿಗೆ ಎದುರು ಹೇಳಲು ನನಗೆ ಬಾಯಿಲ್ಲ. ಅಳು ಯಾಕೆ ಬರಲಿಲ್ಲವೆಂದು ನಿಮ್ಮ ಅವ್ವನಿಗೂ ಹೇಳಿಲ್ಲ, ತನ್ನಿಂದ ಹೀಗಾಯಿತೆಂದು ಅವಳು ಕೊರಗಬಾರದು. ನಾನಿರುವ ತನಕ ಅವಳಿಗೆ ಇದನ್ನು ತೋರಿಸಬೇಡಿ. ಈ ಹಾಳೆಗಳು ತೆಳು, ಮಡಚಿದಲ್ಲಿ ಹರಿಯುತ್ತವೆ. ಮಡಚದೆ, ನೀರು ತಾಗದ ಕಡೆ ಇಟ್ಟುಕೊಳ್ಳಿ.