ಮೂರು ಸಲ ತೊಳೆದ ನಳಿಗಿ

ಮನಿಗೆ ಯಾರರೆ ಬಂದ್ರ, ಅವರಿಗೆ ನೀರು ಕೊಡೂ ಚರಿಗಿ ಮೂರು ಸಲ ತೊಳೀಬೇಕು ಅನ್ನೂದು ನಮ್ಮವ್ವನ ಕಟ್ಟುನಿಟ್ಟು. ಒಂದು ಸಲ ಕಡಿಮಿ ಆದ್ರೂ ಬೈಗುಳ ತಪ್ಪತಿರಲಿಲ್ಲ. ಆ ಚಾಳಿ ನನಗೂ ಹತ್ತಿತ್ತು. ಅದ ಚಾಳಿ ಅಕಿ ಜೀವಕ್ಕ ಕುತ್ತು ತರತೈತಿ ಅಂತ ಯಾರಿಗೆ ಗೊತ್ತಿತ್ತು!

ಎರಡು ಸಾವಿರದ ಇಸವಿ ಆಸುಪಾಸು. ಬೆಳಗಾವ್ಯಾಗ ಒಂದು ದವಾಖಾನಿಯ ರಕ್ತ ತಪಾಸಣಿ ಖೋಲ್ಯಾಗ ಕೆಲಸ ಕಲೀತಿದ್ದೆ. ಒಂದಿನ ಮುಂಜಾನೆ, ಹಲಸಿ ಊರಿನ ಬಾಜೂಕಿನ ನಮ್ಮ ಗದ್ದಿ ಬದುವಿನ ಮ್ಯಾಲೆ ಮೇವು ಕೊಯ್ಯೂ ಹೊತ್ತಿಗೆ ಅವ್ವಗ ಕೊಳಕುಮಂಡಲ ಹಾವು ಕಡೀತು. ಅಪ್ಪ ಜೀಪಿನಾಗ ಹಾಕ್ಕೊಂಡು ಖಾನಾಪುರ ದಾಟಿ ನಮ್ಮ ದವಾಖಾನಿಗೇ ತಂದ. ಅಕಿ ವಸಡಿನಿಂದ ರಕ್ತ ಸೋರತಿತ್ತು.

ನನಗ ಕೆಲಸ ಕಲಿಸೂ ಅಕ್ಕಾರು ಅವ್ವನ ರಕ್ತ ಗಾಜಿನ ನಳಿಗ್ಯಾಗ ಹಾಕಿ, ಇಪ್ಪತ್ತು ನಿಮಿಷ ಬಿಟ್ಟು ಬಾಗಿಸಿದ್ರು. ಹೆಪ್ಪುಗಟ್ಟಬೇಕಾದ್ದು ನೀರಿನಂಗ ಹರೀತು. ಹೆಪ್ಪುಗಟ್ಟಿಸೂ ಪ್ರೋಟೀನನ್ನೆಲ್ಲ ವಿಷ ಬೇಕಾಬಿಟ್ಟಿ ಖರ್ಚು ಮಾಡಿ ಮುಗಿಸಿತ್ತು.

ವಿಷ ಇಳಿಸೂ ಮದ್ದು ಏರಿಸಿದ್ರು. ಕುದುರಿಗೆ ಚೂರುಚೂರು ಹಾವಿನ ವಿಷ ಕೊಟ್ಟಾಗ ಅದರ ಮೈಯಾಗ ಹುಟ್ಟೂ ಪ್ರೋಟೀನು ಅದು. "ಡಬ್ಬಿಗೆ ಮುಚ್ಚಳ ಕುಂತಂಗ ವಿಷದ ಕಣದ ಮ್ಯಾಲೆ ಹೋಗಿ ಕುಂದರತೈತಿ, ಅಷ್ಟ," ಅಂದ್ರು ಅಕ್ಕಾರು. ಅಷ್ಟ? ನನಗ ಮೈ ಜುಂ ಅಂತು. ಎಲ್ಲಿಯ ಕುದುರಿ, ಎಲ್ಲಿಯ ನಮ್ಮವ್ವ! ಕಣ್ಣಿಲ್ಲ, ಬಾಯಿಲ್ಲ, ಅಷ್ಟು ಕೋಟಿ ಕಣದಾಗ ಅದು ತನ್ನ ವೈರೀನ್ನ ಹೆಂಗ ಗುರ್ತು ಹಿಡೀತೈತಿ?

ಆದ್ರ ಆ ಮದ್ದು ಅವ್ವನ ಮೈಗೆ ಒಗ್ಗಲಿಲ್ಲ. ದದ್ದು ಎದ್ದು ಉಸಿರು ಕಟ್ಟಿತು. ಹೆಂಗೋ ಸಂಭಾಳಿಸಿದ ಡಾಕ್ಟರು, "ಇನ್ನೊಂದ್ಸಲ ಕೊಡೂದು ಜೀವಕ್ಕ ಧೋಕಾ ಐತಿ. ಆರು ತಾಸಿನ ಮ್ಯಾಲೆ ರಕ್ತ ನೋಡೂಣು. ಹೆಪ್ಪುಗಟ್ಟಲಿಲ್ಲಂದ್ರ ಕೊಡಾಕ ಬೇಕು," ಅಂದ್ರು.

ಆರು ತಾಸು! ನಾನು ಸುಮ್ಮನ ಕುಂದರೂ ಪೈಕಿ ಅಲ್ಲ. ಅವ್ವನ ರಕ್ತ ಹಾಕೂ ನಳಿಗಿ ಅಂತ ಒಂದನ್ನ ಆರಿಸಿ, ಸಬಕಾರದ ಪುಡಿ ಹಚ್ಚಿ, ಮೂರು ಸಲ ತಿಕ್ಕಿ ತೊಳೆದು ಒಣಗಿಸಿದೆ.

ಸಂಜಿಗೆ ಅದರಾಗ ರಕ್ತ ಹಾಕಿದ್ರು. ಇಪ್ಪತ್ತು ನಿಮಿಷ ಆದ ಮ್ಯಾಲೆ ಬಾಗಿಸಿದೆ. ಹರೀತು. ಡಾಕ್ಟರು ಎರಡನೇ ಸಲದ ಮದ್ದು ತಯಾರ ಮಾಡಾಕ ಹೇಳಿದ್ರು. ಅಕ್ಕಾರು ಮಾತ್ರ, "ವಸಡಿನ ರಕ್ತ ನಿಂತೈತಿ, ಇದ್ಯಾಕ ಹಿಂಗ?" ಅಂತ ನಳಿಗಿ ಮೂಸಿ ನೋಡಿದ್ರು.

"ಯಾರು ತೊಳದ್ರಿದನ್ನ?"

"ನಾನ ರೀ. ಮೂರು ಸಲ, ಸಬಕಾರ ಹಚ್ಚಿ."

"ಅಯ್ಯ ಹುಚ್ಚಿ! ಬರೇ ಗಾಜು ತಾಗಿದ್ರನ ಈ ರಕ್ತ ಹೆಪ್ಪುಗಟ್ಟಾಕ ಸುರು ಮಾಡೂದು. ಸಬಕಾರದ ಪದರು ಉಳದ್ರ ಅದಕ್ಕ ಗಾಜು ಹೆಂಗ ತಿಳೀಬೇಕು?"

ಅಕ್ಕಾರು ಓಡಿ ಹೋಗಿ ಡಾಕ್ಟರನ್ನ ತಡದ್ರು. ಹೊಸಾ ನಳಿಗಿ, ಹೊಸಾ ರಕ್ತ, ಮತ್ತ ಇಪ್ಪತ್ತು ನಿಮಿಷ. ನನ್ನ ಕೈ ಕಡಕೊಂಡು ಒಗೀಲೇನು ಅನ್ನೂವಷ್ಟು ಸಿಟ್ಟು ನನ್ನ ಮ್ಯಾಲೇ. ಹೊತ್ತಾದ ಮ್ಯಾಲೆ ಅಕ್ಕಾರು ನಳಿಗಿ ನನ್ನ ಕೈಯಾಗ ಕೊಟ್ಟು, "ಡಬ್ಬ ಹಾಕು," ಅಂದ್ರು. ನಳಿಗಿ ಬಾಯಿ ಕೆಳಗ ಮಾಡಿದೆ. ಒಂದು ಹನೀನೂ ಬೀಳಲಿಲ್ಲ. ಗಡ್ಡಿ ಮೊಸರಿನಂಗ ಅಲ್ಲೇ ಕುಂತಿತ್ತು. ಹೋ ಅಂತ ಅತ್ತುಬಿಟ್ಟೆ.

ಮರುದಿನ ಅವ್ವಗ ಎಲ್ಲಾ ಹೇಳಿದೆ, ಸಬಕಾರದ್ದೂ, ಕುದುರೀದೂ. ಅಕಿ ನನ್ನ ಬೈಯಲಿಲ್ಲ.

"ಆ ಕುದುರಿ ಜೀವಂತ ಐತೇನ?"

"ಇರತೈತಿ ಬೇ. ರಕ್ತ ಅಷ್ಟ ತಗೀತಾರು."

ಅವ್ವ ಮಲಗಿದಲ್ಲೇ ಕಿಡಕಿ ಕಡೆ ಎರಡೂ ಕೈ ಮುಗದ್ಲು. ಆಮ್ಯಾಲೆ, "ಅದಕ್ಕ ನೀರು ಇಡೂ ಬಕೀಟರೆ ಮೂರು ಸಲ ತೊಳೀತಾರೋ ಇಲ್ಲೋ," ಅಂದ್ಲು.