ತುಪಾಕಿಯ ಕಿವಿ

ತುಪಾಕಿಗೂ ಕಿವಿ ಇರುತ್ತದೆ ಎಂದರೆ ಈಗಿನ ಮಕ್ಕಳು ನಗುತ್ತವೆ. ನಾನು ಎಂಟು ವರ್ಷದವಳಿದ್ದಾಗ ನಮ್ಮೂರು ಪೆದ್ದಹರಿವಾಣದಲ್ಲಿ ಯಾರೂ ನಗುತ್ತಿರಲಿಲ್ಲ. ಶೇಂಗಾ ಹೊಲಕ್ಕೆ ಹಂದಿ ಇಳಿಯುವ ಕಾಲಕ್ಕೆ ರೈತರು ಹಳೇ ಕೇಪಿನ ತುಪಾಕಿ ಹೆಗಲಿಗೇರಿಸಿಕೊಂಡು ನನ್ನ ತಾತನ ಕುಲುಮೆಗೆ ಬರುತ್ತಿದ್ದರು. “ಕಿವಿ ಕಟ್ಟೈತಿ, ನೋಡು ತಾತ” ಎನ್ನುತ್ತಿದ್ದರು.

ನಳಿಗೆಯ ಬಾಯಿಂದ ಮದ್ದು ತುಂಬಿ ಜಡಿಯುವ ತುಪಾಕಿಗಳು ಅವು. ಹಿಂದೆ ಒಂದು ತೊಟ್ಟು, ಅದರ ಮೇಲೆ ತಾಮ್ರದ ಕೇಪು. ಕುದುರೆ ಎನ್ನುವ ಪುಟ್ಟ ಸುತ್ತಿಗೆ ಬಂದು ಬಡಿದರೆ ಕೇಪು ಸಿಡಿದು, ಕಿಡಿ ಒಂದು ತೂತಿನೊಳಗಿಂದ ಮದ್ದಿಗೆ ಹೋಗಬೇಕು. ಆ ತೂತೇ ಕಿವಿ.

ಆ ವರ್ಷ ಅಪ್ಪ ಅವ್ವ ನನ್ನನ್ನು ತಾತನ ಹತ್ತಿರ ಬಿಟ್ಟು ಹೊಸಪೇಟೆ ಕಡೆ ಡ್ಯಾಮಿನ ಕೆಲಸಕ್ಕೆ ಹೋಗಿದ್ದರು. ಓಣಿಯ ಹುಡುಗಿಯರೆಲ್ಲ ಕಳೆ ಕೀಳಲು ಹೋಗಿಬಿಡುತ್ತಿದ್ದರು. ನಾನು ಕುಲುಮೆಯ ಹೊಸ್ತಿಲಲ್ಲಿ ಕೂತು ಗಜ್ಜುಗ ಆಡುತ್ತಿದ್ದೆ, ಎರಡೂ ಪಾಳಿ ನಾನೇ. ತಾತನಿಗೆ ಕಿವಿ ಮಂದ. ಕೂಗಿ ಕೂಗಿ ಗಂಟಲು ನೋವಾಗಿ, ಕಡೆಗೆ ಮಾತಾಡುವುದನ್ನೇ ಬಿಟ್ಟಿದ್ದೆ.

ತಾತ ಮಾತ್ರ ಕೆಲಸ ಮಾಡುತ್ತಾ ತಾನೇ ಹೇಳುತ್ತಿದ್ದ. ಈರಣ್ಣ ಎಂಬ ರೈತನ ತುಪಾಕಿ ಬಿಚ್ಚಿಟ್ಟುಕೊಂಡು ಎಷ್ಟೋ ದಿನದಿಂದ ಕೂತಿದ್ದ. ಹಳೇ ಕಿವಿಯಲ್ಲಿ ಕಿಡಿ ಕೆಳಗಿಳಿದು, ಅಡ್ಡ ತಿರುಗಿ ಮದ್ದು ಮುಟ್ಟಬೇಕಿತ್ತು. ಆ ಮೂಲೆಯಲ್ಲಿ ಮಸಿ ಕಟ್ಟಿ ಹಂದಿ ಎದುರಿಗಿದ್ದಾಗಲೇ ಕೈಕೊಡುತ್ತಿತ್ತು. ತಾತ ಅದನ್ನು ಮುಚ್ಚಿ, ಬೈರಿಗೆ ಹಿಡಿದು, ತೊಟ್ಟಿನಿಂದ ಮದ್ದಿಗೆ ಒಂದೇ ಗೆರೆಯಲ್ಲಿ ಓರೆಯಾಗಿ ಹೊಸ ಕಿವಿ ಕೊರೆದ.

“ಬೆಂಕಿಗೂ ಸಂದಿ ತಿರುಗೋದಂದ್ರ ಬ್ಯಾಸರನವ್ವ. ನೆಟ್ಟಗ ದಾರಿ ಕೊಟ್ರ ನೆಟ್ಟಗ ಹೋಗತೈತಿ. ಇದು ಮೊದಲ್ನೇ ಕೇಪಿಗೆ ಹಾರ್ಲಿ, ಆದೋನಿ ತುಪಾಕಿ ಅಂಗಡಿಯವನೂ ನನ್ನ ಕೈ ನೋಡಾಕ ಬರ್ತಾನ” ಎಂದ. ಅವನು ಅಷ್ಟು ಹಿಗ್ಗಿದ್ದನ್ನು ನಾನು ಮತ್ತೆ ನೋಡಲಿಲ್ಲ.

ಈರಣ್ಣ ಬರುವ ದಿನ ಬೆಳಿಗ್ಗೆ ತಾತ ಸ್ನಾನಕ್ಕೆ ಬಾವಿಗೆ ಹೊರಟವನು, “ಬೆಳ್ಳುಳ್ಳಿ ಹಾಕಿ ಕುಸುಬಿ ಎಣ್ಣಿ ಕಾಸವ್ವ, ಕಿವಿಗೆ ಹಾಕಬೇಕು” ಎಂದ. ಅವನ ಕಿವಿಗೆ ಎಣ್ಣೆ ಬಿಡುತ್ತಿದ್ದವಳು ನಮ್ಮವ್ವ, ನನಗದು ಗೊತ್ತಿರಲಿಲ್ಲ. ಆ ಮನೆಯಲ್ಲಿ ನಾನು ಕೇಳಿದ್ದು ಒಂದೇ ಕಿವಿ, ತುಪಾಕಿಯದು. ಬೆಳ್ಳುಳ್ಳಿ ಯಾಕೆ ಎಂದು ಕೇಳಬೇಕಿತ್ತು. ಕೇಳುವ ಅಭ್ಯಾಸ ತಪ್ಪಿತ್ತಲ್ಲ. ಬೆಚ್ಚಗಿನ ಎಣ್ಣೆಯನ್ನು ತುಪಾಕಿಯ ಹೊಸ ಕಿವಿಗೆ ತುಂಬ ಬಿಟ್ಟು, ಮೇಲೆ ಚೊಕ್ಕಟವಾಗಿ ಒರೆಸಿಟ್ಟೆ. ತಾತ ಶಾಭಾಸ್ ಅನ್ನುತ್ತಾನೆ ಅಂದುಕೊಂಡಿದ್ದೆ.

ತಾತ ತಿರುಗಿ ಬರುವಷ್ಟರಲ್ಲಿ ಈರಣ್ಣ ನಾಲ್ಕು ಜನರ ಜೊತೆ ಬಂದು ಕೂತಿದ್ದ. ತಾತನಿಗೆ ಎಣ್ಣೆಯ ಮಾತು ಮರೆತೇಹೋಯಿತು. ಮದ್ದು ತುಂಬಿದರು, ಕೇಪು ಇಟ್ಟರು. ಟಪ್ ಎಂದಿತು, ಅಷ್ಟೇ. ಇನ್ನೊಂದು ಕೇಪು. ಮತ್ತೊಂದು. ಸುಟ್ಟ ಬೆಳ್ಳುಳ್ಳಿ ವಾಸನೆ ನನ್ನ ಮೂಗಿಗೆ ಬಡಿಯಿತು. ನಶ್ಯ ಏರಿಸಿ ಏರಿಸಿ ತಾತನ ಮೂಗು ಎಂದೋ ಸತ್ತಿತ್ತು.

“ಇದನ್ನೂ ನಿನ್ನ ಕಿವಿಯಂಗ ಮಾಡಿಬಿಟ್ಟಿ ತಾತ. ಹಳೇದ ವಾಸಿ ಇತ್ತು. ಒಳಗಿನ ಮದ್ದು ಆದೋನ್ಯಾಗ ತೆಗಿಸ್ತೀನಿ ಬಿಡು” ಎಂದು ಈರಣ್ಣ ತುಪಾಕಿ ಎತ್ತಿಕೊಂಡು ಹೋದ. ತಾತನಿಗೆ ಮಾತು ಕೇಳಿಸಿರಲಿಕ್ಕಿಲ್ಲ. ಜೊತೆಗೆ ಬಂದವರ ನಗು ಕಂಡಿತು.

ಅವತ್ತೇ ಬೈರಿಗೆ ಅಟ್ಟ ಸೇರಿತು. ಆಮೇಲೆ ಕುಡುಗೋಲು, ಬಂಡಿ ಪಟ್ಟಿ, ಅಷ್ಟೇ ಕೆಲಸ. ಕೆಲಸದ ನಡುವಿನ ಮಾತೂ ನಿಂತಿತು. ಮೂಕರಿಬ್ಬರ ಮನೆಯಾಯಿತು ಅದು. ಎಂಟು ದಿನ ತಡೆದುಕೊಂಡೆ. ಒಂದು ಮಧ್ಯಾಹ್ನ ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಹೋಗಿ ಅವನ ತೋಳು ಹಿಡಿದುಕೊಂಡೆ.

“ತಾತ, ಅವತ್ತು ಕಿವಿಗೆ ಎಣ್ಣಿ ನಾನ ಹಾಕೀನಿ” ಎಂದೆ.

“ಆಂ? ಎಣ್ಣಿ ಹಾಕ್ತೀಯಾ? ಹಾಕವ್ವ” ಎಂದು ತಾತ ನನ್ನ ಮಡಿಲಲ್ಲಿ ತಲೆಯಿಟ್ಟು ಕಿವಿ ಒಡ್ಡಿದ. ನನ್ನ ಧೈರ್ಯ ಅಲ್ಲಿಗೇ ಮುಗಿಯಿತು. ಎಣ್ಣೆ ಕಾಸಿ ತಂದು ಹಾಕಿದೆ.

ಈಗ ಆ ಕುಲುಮೆ ಇದ್ದಲ್ಲಿ ಸೈಕಲ್ ಅಂಗಡಿ ಇದೆ. ಆ ತೂತನ್ನು ಕಿವಿ ಎನ್ನುವವರು ಊರಲ್ಲಿ ನಾನೊಬ್ಬಳೇ ಇರಬೇಕು. ನನಗೂ ಕೇಳಿಸುವುದು ಕಡಿಮೆಯಾಗಿದೆ. ಎಣ್ಣೆ ಹಾಕಲೇ ಎಂದು ಸೊಸೆ ಕೇಳುತ್ತಾಳೆ. ಬೇಡ ಎನ್ನುತ್ತೇನೆ.